ಹಸಿರು ಕುತ್ತಿಗೆ

ಹಣ್ಣನ್ನು ಅಡ್ಡಕ್ಕೆ ಕೊಯ್ಯಬೇಕು. ಉದ್ದಕ್ಕೆ ಕೊಯ್ದರೆ ಬೀಜ ಚೂರಿಗೆ ಸಿಕ್ಕಿ ತುಂಡಾಗುತ್ತದೆ. ಶಿಯಾವ್‌ಮಾನ್ ಅಡ್ಡಕ್ಕೇ ಕೊಯ್ಯುತ್ತಿದ್ದಳು. ಎಡಗೈಯಲ್ಲಿ ಟೊಮೆಟೊ, ಬಲಗೈಯಲ್ಲಿ ಮೋಟು ಚೂರಿ. ಹಣ್ಣಿನ ಸೊಂಟದ ಸುತ್ತ ಚೂರಿ ಒಂದು ಸುತ್ತು ಬಂದರೆ ಅದು ಎರಡು ಬಟ್ಟಲಾಗಿ ಬಿಚ್ಚಿಕೊಳ್ಳುತ್ತಿತ್ತು. ಬಕೆಟ್ಟಿನ ಮೇಲೆ ಹಿಡಿದು ಹೆಬ್ಬೆರಳು ಒತ್ತಿದರೆ ಲೋಳೆಯ ಜೊತೆ ಬೀಜ ಜಾರಿ ಬೀಳುತ್ತಿತ್ತು. ಎದುರಿಗೆ ಅತ್ತಿಗೆ ರುಯಿಫೆನ್, ಪಕ್ಕದಲ್ಲಿ ಊರವರೆಲ್ಲ ಅತ್ತೆ ಅನ್ನುವ ಮುದುಕಿ ಮೆಂಗ್ ಅತ್ತೆ, ಮೂವರೂ ಮಣೆಗಳ ಮೇಲೆ ಕೂತು ಮಾತಿಲ್ಲದೆ ಇದನ್ನೇ ಮಾಡುತ್ತಿದ್ದರು. ಚಳಿಗೆ ಒಡೆದ ಬೆರಳುಗಳೊಳಕ್ಕೆ ಹುಳಿ ಇಳಿದು ಉರಿಯುತ್ತಿತ್ತು. ಪೇಯ್ ಮೇಷ್ಟ್ರು ಮಧ್ಯಾಹ್ನಕ್ಕೆ ಪೇಟೆಯಿಂದ ಬರುತ್ತಾರೆ, ಅಷ್ಟರೊಳಗೆ ಈ ರಾಶಿ ಮುಗಿಯಬೇಕು, ಬಾಯಿಗೆ ರಜೆ ಕೊಟ್ಟು ಕೈ ಆಡಿಸಿ ಎಂದು ಅಣ್ಣ ಬಾವ್‌ಚೆಂಗ್ ಬೆಳಿಗ್ಗೆಯೇ ಹೇಳಿ ಹೋಗಿದ್ದ. ಪೇಯ್ ಮೇಷ್ಟ್ರು ಈ ಬೀಜಕೇಂದ್ರದಲ್ಲಿ ಹೊಸ ತಳಿ ಕಟ್ಟುವ ವಿಜ್ಞಾನಿ, ಅಣ್ಣ ಇಲ್ಲಿನ ಮೇಸ್ತ್ರಿ. ಮನೆಯಲ್ಲಿ ರುಯಿಫೆನ್‌ಳ ಗಂಡ. ಎರಡೂ ಕಡೆ ಅವನ ದನಿ ಒಂದೇ.

ಹಸಿರುಮನೆಯ ಬಾಗಿಲ ಪಕ್ಕ ಕಪ್ಪು ಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ಮಣ್ಣು ತುಂಬಿ, ನಡುವೆ ಬೆರಳಿನಿಂದ ಗುಳಿ ಮಾಡಿ, ನೀರು ಹನಿಸಿ ಇಟ್ಟಿದ್ದ ಕುಂಡಗಳು. ಶಿಯಾವ್‌ಮಾನ್ ಅವುಗಳ ಕಡೆ ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಪ್ರತಿ ಗುಳಿಯೂ ಸಸಿಗಾಗಿ ತೆರೆದ ಬಾಯಿ. ಆ ಬಾಯಿಗಳಿಗೆ ಹಾಕಬೇಕಾದ ಸಸಿಗಳು ಹಿಂದಿನ ತಿಪ್ಪೆಯಲ್ಲಿ ರಾತ್ರಿಯ ಹಿಮಕ್ಕೆ ಸತ್ತು ಬಿದ್ದಿದ್ದವು. ಕುಂಡಕ್ಕೆ ಬೇಕಾದವೇ ತಿಪ್ಪೆ ಸೇರಿವೆ ಅನ್ನುವುದು ಈ ಲೋಕದಲ್ಲಿ ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು. ಗೊತ್ತಾದದ್ದೂ ಈಗ ಬೆಳಿಗ್ಗೆ, ತಿಂಡಿಯ ಹೊತ್ತಿಗೆ. ಅಣ್ಣ ಹಬೆಯಲ್ಲಿ ಬೇಯಿಸಿದ ಮಾಂತೋ ಬನ್ನು ಮುರಿದು, ಈರುಳ್ಳಿ ಹೂವನ್ನು ಹುರುಳಿ ಗೊಜ್ಜಿಗೆ ಅದ್ದಿ ಬಾಯಿಗಿಟ್ಟುಕೊಂಡು, ‘ಹಸಿರು ತೆಗ್ದಾಯ್ತಾ?’ ಅಂತ ಕೇಳಿದ. ರುಯಿಫೆನ್, ‘ನಿನ್ನೇನೇ ತೆಗ್ದಾಯ್ತು’ ಅಂದಳು. ‘ಹಾಗಾದ್ರೆ ಸರಿ. ಮೇಷ್ಟ್ರು ರಾತ್ರಿ ಫೋನ್ ಮಾಡಿದ್ರು, ಹಸಿರು ಕುತ್ತಿಗೇವು ಕೂರಿಸೋಕೆ ಕುಂಡ ತುಂಬ್ಸಿಡು ಅಂದ್ರು, ತುಂಬ್ಸಿದೀನಿ’ ಅಂದ ಅಣ್ಣ. ರುಯಿಫೆನ್ ಗಂಜಿ ಬಡಿಸುತ್ತಿದ್ದಳು. ಕುಂಡದ ಮಾತು ಅವಳ ಕಿವಿಗೆ ಬೀಳಲಿಲ್ಲ, ಬಿದ್ದಿದ್ದರೂ ಅವಳಿಗೆ ಅದು ಮೇಸ್ತ್ರಿಯ ನೂರು ಮಾತುಗಳಲ್ಲಿ ಒಂದು. ಶಿಯಾವ್‌ಮಾನ್ ಮಾಂತೋವನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ತೆಗಿ. ಆ ಮಾತು ಎರಡು ಕಡೆಯಿಂದ ಹರಿತ ಮಾಡಿದ ಚೂರಿಯ ಹಾಗೆ. ಈ ಕಡೆಯ ಪರೀಕ್ಷೆ ಮಡಿಯಲ್ಲಿ ತೆಗಿ ಅಂದರೆ ಕಿತ್ತು ಬಿಸಾಡು. ಅಲ್ಲಿ ಬೆರಕೆ ಸರಿಯಾಗಿ ಕೂಡಿದ್ದರೆ ಸಸಿಯ ಕುತ್ತಿಗೆ ನೇರಳೆ ಇರುತ್ತದೆ, ಹಸಿರು ಕುತ್ತಿಗೆ ಕಂಡರೆ ಅದು ಕಳ್ಳಸಸಿ. ವಾರವಿಡೀ ಮೂವರೂ ಅದನ್ನೇ ಮಾಡಿದ್ದರು. ಮೊಳಕೆಯ ಎರಡೆಲೆ ಬಿಚ್ಚುವ ಹೊತ್ತಿಗೆ ಬಗ್ಗಿ, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಮಣ್ಣಿಗೂ ಎಲೆಗೂ ನಡುವಿನ ಆ ಎಳೆಯ ಕುತ್ತಿಗೆಯ ಬಣ್ಣ ನೋಡುವುದು, ಹಸಿರಾಗಿದ್ದರೆ ಎರಡು ಬೆರಳಲ್ಲಿ ಹಿಡಿದು ಎಳೆಯುವುದು. ಬೇರು ಬಿಡುವಾಗ ಸಣ್ಣ ಸದ್ದು ಬರುತ್ತಿತ್ತು, ಕೇಳಿಸುವುದಕ್ಕಿಂತ ಬೆರಳಿಗೆ ತಿಳಿಯುವ ಸದ್ದು. ಆ ಕಡೆಯ ತಾಯಿಮಡಿಯಲ್ಲಿ ಎಲ್ಲ ತಿರುಗುಮುರುಗು. ಅಲ್ಲಿ ಹಸಿರು ಕುತ್ತಿಗೆಯದು ಪರಾಗವಿಲ್ಲದ ಹೆಣ್ಣು, ಮೇಷ್ಟ್ರ ಐದು ವರ್ಷದ ತಪಸ್ಸು. ಅಲ್ಲಿ ತೆಗಿ ಅಂದರೆ ಮೆಲ್ಲನೆ ಎತ್ತಿ ಕುಂಡಕ್ಕೆ ಹಾಕು. ಒಂದೇ ಮಾತು, ಒಂದೇ ಬೆರಳುಗಳು, ನಡುವೆ ಒಂದು ಕಾಲುದಾರಿ.

ಮತ್ತೆ ಒಂದು ಹಣ್ಣು. ಇದು ತಾಯಿಮಡಿಯ ಹಿಂದಿನ ಬೆಳೆಯದ್ದು ಅಂತ ಹಿಡಿದ ತಕ್ಷಣ ತಿಳಿಯಿತು. ಆ ತಳಿಯ ಹಣ್ಣಿನ ಕೆಂಪೇ ಬೇರೆ, ರಕ್ತ ಗಟ್ಟಿಯಾದಾಗಿನ ಕೆಂಪು. ಕೊಯ್ದಳು. ಒಳಗೆ ಬೀಜಗಳೆಲ್ಲ ಮೊಳೆತಿದ್ದವು. ಬಿಳಿಯ ಬೇರುಗಳು ಒಂದಕ್ಕೊಂದು ಸುತ್ತಿಕೊಂಡು, ಕೆಲವು ತಿರುಳನ್ನು ಸೀಳಿ ಸಿಪ್ಪೆಯವರೆಗೆ ಬಂದಿದ್ದವು. ಚೂರಿ ಹಾದ ಕಡೆ ಕತ್ತರಿಸಿದ ತಲೆಗಳು ಲೋಳೆಯಲ್ಲಿ ತೇಲುತ್ತಿದ್ದವು; ಒಳಗೇ ಇಷ್ಟು ಬೆಳೆದವು ಇನ್ನು ನೆಟ್ಟರೂ ಹಿಡಿಯುವುದಿಲ್ಲ. ಮೆಂಗ್ ಅತ್ತೆ ಅತ್ತ ತಿರುಗಿ ಮೂರು ಸಲ ಉಗುಳಿದಳು. ಮಕ್ಕಳಾಗಬೇಕಾದ ಹೆಣ್ಣುಗಳು ಇದನ್ನು ನೋಡಬಾರದು ಅನ್ನುವುದು ಅವಳ ಕಟ್ಟುಪಾಡು. ಸುಗ್ಗಿ ಮುಗಿದ ದಿನ ಮೇಷ್ಟ್ರು ಇಂಥದೇ ಒಂದು ಹಣ್ಣನ್ನು ಅಂಗೈಯಲ್ಲಿ ಬಿಚ್ಚಿ ಹಿಡಿದು ಎಲ್ಲರನ್ನೂ ಕರೆದು ತೋರಿಸಿದ್ದರು. ಅವತ್ತು ಅವರು ಖುಷಿಯಲ್ಲಿದ್ದರು. ‘ಬಣ್ಣಾನೂ ನಿದ್ದೇನೂ ಒಂದೇ ಪಾತ್ರೇಲಿ ಬೇಯೋದು’ ಅಂದಿದ್ದರು. ‘ಗಿಡದೊಳಗೆ ಒಂದು ಹಳದಿ ಸರಕಿದೆ. ಒಂದು ಪಾಲು ಹಣ್ಣಿಗೆ ಬಣ್ಣ ಆಗುತ್ತೆ, ಇನ್ನೊಂದು ಪಾಲು ಬೀಜಕ್ಕೆ ನಿದ್ದೆಯ ಮದ್ದು ಆಗುತ್ತೆ. ಯಾವ ಕಡೆ ಎಷ್ಟು ಅಂತ ನೋಡಿಕೊಳ್ಳೋ ಜೀನ್‌ಗಳಿವೆ, ನಲ್ಲಿ ಇದ್ದ ಹಾಗೆ. ನಾನು ಬಣ್ಣದ ಕಡೆಯ ನಲ್ಲಿ ತಿರುಗಿಸ್ತಾ ಹೋದೆ. ನಿದ್ದೆ ಕಡೆ ಬತ್ತಿಹೋಯ್ತು. ಇವು ಮಲಗೋದೇ ಇಲ್ಲ.’ ರುಯಿಫೆನ್ ಹಣ್ಣಿನ ಮೇಲೆ ಬಗ್ಗಿ ನೋಡಿ, ‘ಹೊಟ್ಟೇಲಿದ್ದಾಗ್ಲೇ ಎದ್ದು ಕೂತಿದಾವೆ ಅನ್ನಿ. ನಮ್ಮತ್ತೆ ಥರ, ಕೋಳಿ ಕೂಗೋಕೆ ಮುಂಚೆ ಎದ್ದು ಸೊಸೆ ಬಾಗ್ಲು ಬಡಿಯೋಕೆ’ ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಅತ್ತೆ ಅಂದರೆ ಶಿಯಾವ್‌ಮಾನ್‌ಳ ತಾಯಿಯೇ. ಆದರೂ ಅವಳೂ ನಕ್ಕಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದು. ಅಣ್ಣ ನಕ್ಕಿರಲಿಲ್ಲ. ಆ ಸಂಜೆ ಗೋಡೆಯ ಆಚೆಯಿಂದ ಬೆಲ್ಟಿನ ಸದ್ದು ಕೇಳಿಸಿತ್ತು. ಮರುದಿನ ಊದಿದ ಕಣ್ಣಿನ ರುಯಿಫೆನ್‌ಳನ್ನು ಮೆಂಗ್ ಅತ್ತೆ ಏನಾಯ್ತೇ ಅಂತ ಕೇಳಿದಾಗ ಅವಳು, ‘ಗೋಡೆ ಹೊಡೀತು. ಇವರ ಮನೆ ಗೋಡೆಗೆ ಕೈ ಇದೆ’ ಅಂದಿದ್ದಳು.

ಮಲಗದ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಡಲು ಬರುವುದಿಲ್ಲ. ಬೇರೆ ತಳಿಗಳಾದರೆ ಒಂದು ಮಡಿ ಹಾಳಾದರೆ ತಣ್ಣನೆ ಕೋಣೆಯಿಂದ ಇನ್ನೊಂದು ಪೊಟ್ಟಣ ತಂದು ಬಿತ್ತಬಹುದು. ಇದಕ್ಕೆ ಪೊಟ್ಟಣವೇ ಇಲ್ಲ. ಹಣ್ಣಿನೊಳಗೇ ಮೊಳೆತದ್ದನ್ನು ಮೇಷ್ಟ್ರು ತಾವೇ ಚಿಮಟದಿಂದ ಒಂದೊಂದಾಗಿ ಬಿಡಿಸಿ ನೆಟ್ಟು, ತೆಳು ಪ್ಲಾಸ್ಟಿಕ್ಕಿನ ಗೂಡು ಕಟ್ಟಿ, ಒಳಗೆ ಮಂಜಿನ ಹಾಗೆ ನೀರು ಚಿಮ್ಮುವ ಕೊಳವೆ ಎಳೆಸಿದ್ದರು. ನಿದ್ದೆಯ ಮದ್ದೇ ಎಲೆಗಳ ಬಾಯನ್ನೂ ಮುಚ್ಚುವುದಂತೆ; ಅದಿಲ್ಲದ ಸಸಿ ಗೂಡಿನಿಂದ ಹೊರಗೆ ಬಂದರೆ ಒಂದು ಊಟ ಮಾಡುವಷ್ಟರಲ್ಲಿ ಬಾಡಿ ಬೀಳುತ್ತದೆ. ಇದನ್ನೆಲ್ಲ ಮೇಷ್ಟ್ರು ಹೇಳಿದ್ದರು. ಶಿಯಾವ್‌ಮಾನ್ ಕೇಳಿಸಿಕೊಂಡಿದ್ದಳು. ಕೇಳಿಸಿಕೊಳ್ಳುವುದೊಂದೇ ಅವಳಿಗೆ ಬರುತ್ತಿದ್ದ ಕೆಲಸ. ಹಾಗಿದ್ದೂ ನಿನ್ನೆ ಹೊತ್ತಿಗೆ ಅದು ತಲೆಗೆ ಬರಲಿಲ್ಲ ಅಂದರೆ ಯಾರು ನಂಬುತ್ತಾರೆ? ತಾನೇ ನಂಬುತ್ತಾಳೆಯೇ?

ನಿನ್ನೆ ಮೇಷ್ಟ್ರು ಒಂದು ಕಾಲಿಗೆ ರಬ್ಬರ್ ಬೂಟು, ಇನ್ನೊಂದಕ್ಕೆ ಪೇಟೆಯ ಶೂ ಹಾಕಿಕೊಂಡು ಬಾಗಿಲಲ್ಲಿ ಒಂಟಿಕಾಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಹತ್ತಿರದಲ್ಲಿದ್ದವಳು ಶಿಯಾವ್‌ಮಾನ್. ಫೋನನ್ನು ಎದೆಗೆ ಒತ್ತಿಕೊಂಡು, ‘ತಾಯಿಮಡಿ ಹಸಿರು ಕುತ್ತಿಗೇವು ಸಂಜೆಯೊಳಗೆ ತೆಗೀರಿ, ರುಯಿಫೆನ್‌ಗೆ ಹೇಳು’ ಅಂದರು. ಅಷ್ಟೆ. ಅವಳ ನಾಲಗೆಯ ತುದಿಗೆ ಪ್ರಶ್ನೆ ಬಂದಿತ್ತು. ತೆಗೆದು ಏನು ಮಾಡೋದು ಮೇಷ್ಟ್ರೇ? ನಾಲ್ಕು ಪದ. ಬೇಸಿಗೆಯಲ್ಲಿ ಒಮ್ಮೆ ಕೇಳಿದ್ದಳು, ಇಂಥದೇ ಏನೋ, ಯಾವುದು ಮೇಷ್ಟ್ರೇ ಅಂತ. ಆಗ ಅವರ ಜೊತೆ ಪೇಟೆಯಿಂದ ಬಂದ ಯಾರೋ ಇದ್ದರು. ಮೇಷ್ಟ್ರು ಅವರ ಕಡೆ ತಿರುಗಿ, ‘ಈ ಹುಡ್ಗಿ ಶಿಯಾವ್‌ಮಾನ್. ಗೋಧಿ ಕಾಳು ಅರ್ಧ ತುಂಬೋ ದಿನ ಹುಟ್ಟಿದಾಳೆ, ಅದಕ್ಕೆ ಅರೆತುಂಬು ಅಂತಲೇ ಹೆಸರಿಟ್ಟಿದಾರೆ. ಹೆಸರಿಟ್ಟೋರು ಜಾಣರು’ ಅಂದರು. ಬೈಗುಳವಲ್ಲ, ನಗುತ್ತಲೇ ಅಂದದ್ದು. ಬಂದವರು ನಕ್ಕರು. ಎಲ್ಲರಿಗಿಂತ ಜೋರಾಗಿ ಅಣ್ಣ ನಕ್ಕ. ಶಾಲೆಯಲ್ಲಿ ಕರಿಹಲಗೆಯ ಮುಂದೆ ನಿಂತಾಗಲೂ ಬೆನ್ನಿನ ಮೇಲೆ ಇದೇ ನಗು ಬಿದ್ದಿತ್ತು, ಮರುದಿನದಿಂದ ಅವಳು ಅಲ್ಲಿಗೆ ಹೋಗಿರಲಿಲ್ಲ. ನಿನ್ನೆ ನಾಲ್ಕು ಪದ ನಾಲಗೆಯ ತುದಿಯಿಂದ ಮತ್ತೆ ಒಳಗೆ ಹೋದವು. ಮೇಷ್ಟ್ರು ಇನ್ನೊಂದು ಶೂ ಹಾಕಿಕೊಂಡು ಹೋದರು.

ಅಲ್ಲಿಗೇ ನಿಂತಿದ್ದರೆ ಸರಿ. ‘ಏನಂದ್ರೇ ನಮ್ಮ ಒಂಟಿಕಾಲಿನ ಕೊಕ್ಕರೆ?’ ಅಂತ ರುಯಿಫೆನ್ ಕೇಳಿದಾಗ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದ್ದರೆ, ರುಯಿಫೆನ್ ಅವಳ ಹಾಗಲ್ಲ, ಮೇಷ್ಟ್ರ ಹಿಂದೆ ಓಡಿಹೋಗಿ, ರೀ ಮೇಷ್ಟ್ರೇ, ಯಾವ ತೆಗಿ ಇದು ಅಂತ ಕೇಳುತ್ತಿದ್ದಳು. ಶಿಯಾವ್‌ಮಾನ್ ಅಂದದ್ದು ಬೇರೆ. ‘ತಾಯಿಮಡಿ ಹಸಿರು ಕುತ್ತಿಗೇವು ಕಿತ್ತು ಬಿಸಾಕ್ಬೇಕಂತೆ’ ಅಂದಳು. ಬಿಸಾಕು ಅನ್ನುವ ಮಾತು ಮೇಷ್ಟ್ರದ್ದಲ್ಲ. ಅದು ಎಲ್ಲಿಂದ ಬಂತು ಅಂತ ಬೆಳಿಗ್ಗೆಯಿಂದ ಅವಳು ತನ್ನೊಳಗೆ ಕೈ ಹಾಕಿ ತಡಕುತ್ತಿದ್ದಳು. ಗೊತ್ತಿಲ್ಲ ಅನ್ನುವ ನಾಚಿಕೆಯಿಂದ ಬಂತೇ? ಅಥವಾ ಇನ್ನೂ ಕೆಳಗಿನಿಂದ, ರುಯಿಫೆನ್ ನಗುವುದನ್ನು ನೋಡುವಾಗ, ಪೆಟ್ಟು ತಿಂದ ಮರುದಿನವೂ ನಗುವುದನ್ನು ನೋಡುವಾಗ, ತನಗೆ ಒಂದು ಪೆಟ್ಟೂ ಬೀಳದೆ ಬಾಯಿ ಸತ್ತುಹೋದದ್ದು ನೆನೆದು ಆ ನಗು ಒಮ್ಮೆ ನಿಲ್ಲಬಾರದೇ ಅನ್ನಿಸುತ್ತಿತ್ತಲ್ಲ, ಅಲ್ಲಿಂದ ಬಂತೇ? ರುಯಿಫೆನ್ ಮಾತ್ರ ಸ್ವಲ್ಪ ಹೊತ್ತು ಮಡಿಯನ್ನೇ ನೋಡಿ, ‘ಇಷ್ಟು ಚೆನ್ನಾಗಿರೋವನ್ನ? ಓದಿದೋರ ತಲೆ ಕಣೇ’ ಅಂದು ಗೂಡಿನೊಳಗೆ ಬಗ್ಗಿದ್ದಳು. ಕೀಳುವುದರಲ್ಲಿ ಅವಳ ಕೈ ಬೇಗ. ಪ್ರತಿ ಸಸಿಗೂ ಒಂದು ಮಾತು ಹೇಳುತ್ತಿದ್ದಳು: ಹೋಗು ತಾಯಿ, ನೀನೂ ಹೋಗು, ನಿನ್ನ ಕುತ್ತಿಗೆ ಬಣ್ಣ ಇವರಿಗೆ ಹಿಡಿಸಲಿಲ್ಲವಂತೆ.

‘ಅತ್ತಿಗೇ’ ಅಂದಳು ಶಿಯಾವ್‌ಮಾನ್. ದನಿ ಬಂದೇಬಿಟ್ಟಿತು.

‘ಏನೇ?’

ರುಯಿಫೆನ್ ಮುಖ ಎತ್ತಿದಳು. ಕೆನ್ನೆಗೆ ಟೊಮೆಟೊ ರಸ ಸಿಡಿದು ಒಂದು ಬೀಜ ಅಂಟಿಕೊಂಡಿತ್ತು. ಈಗ ಹೇಳಿದರೆ ಇನ್ನೂ ಹೊತ್ತಿದೆ. ಅವಳು ಚೀಲ ಕಟ್ಟಿಕೊಂಡು ತವರಿಗೆ ಹೋಗುವ ಬಸ್ಸು ಹತ್ತಬಹುದು. ಮೇಷ್ಟ್ರ ಸಿಟ್ಟು, ಅಣ್ಣನ ಸಿಟ್ಟು ಎರಡೂ ಖಾಲಿ ಹಸಿರುಮನೆಯಲ್ಲಿ ಸುತ್ತಿ ತಣ್ಣಗಾಗಬಹುದು.

‘ಏನಿಲ್ಲ. ಸಿಪ್ಪೆ ಬಕೆಟ್ ತುಂಬಿದೆ.’

‘ತುಂಬಿದ್ರೆ ಎದ್ದು ಚೆಲ್ಲು. ನಿಂಗೆ ಅದಕ್ಕೂ ನನ್ನ ಅಪ್ಪಣೆ ಬೇಕಾ?’

ಮೆಂಗ್ ಅತ್ತೆ ಮೂಗಿನಿಂದ ನಕ್ಕಳು. ‘ಪಾಪ, ಅದು ಮಾತಾಡಿದ್ದೇ ಹೆಚ್ಚು ಇವತ್ತು.’

ಅವಳು ಸಿಪ್ಪೆಯ ಬಕೆಟ್ಟು ಹಿಡಿದು ಹೊರಗೆ ಹೋದಳು. ಗಾಳಿ ಕೆನ್ನೆಗೆ ಹೊಡೆಯಿತು. ತಿಪ್ಪೆಯಲ್ಲಿ ನಿನ್ನೆಯ ಸಸಿಗಳು ಒಂದು ಹಿಡಿ ಕಪ್ಪು ದಾರದ ಹಾಗೆ ಬಿದ್ದಿದ್ದವು. ಬಗ್ಗಿ ಒಂದನ್ನು ಎತ್ತಿದಳು. ಹಿಮ ಕೂತಿದ್ದ ಎಲೆ ಬೆರಳ ಬಿಸಿಗೆ ಲೋಳೆಯಾಗಿ ಕರಗಿತು. ಬೇರೆ ಯಾವುದಾದರೂ, ರಾಶಿಯ ಅಡಿಯಲ್ಲಿ, ಸಿಪ್ಪೆಯ ಬಿಸಿಯಲ್ಲಿ ಬದುಕಿರಬಹುದೇ? ಎರಡು ಕೈಯಲ್ಲೂ ಕೆದಕಿದಳು. ಪಕ್ಕದ ಮನೆಯ ಬಾತುಗಳು ಏನೋ ತಿನ್ನಲು ಸಿಗುತ್ತದೆ ಅಂತ ಕುತ್ತಿಗೆ ಚಾಚಿ ಓಡಿಬಂದವು. ಮುಂದಿನದರ ಕೊಕ್ಕಿಗೆ ಅವಳು ಬಕೆಟ್ಟು ಬೀಸಿದಳು. ಬೀಸಿದ್ದು ತಾನೇ ಅಂತ ತಿಳಿಯುವಷ್ಟರಲ್ಲಿ ಬಾತು ಒಂದು ಪಕ್ಕಕ್ಕೆ ಬಿದ್ದು, ಒಂದೇ ರೆಕ್ಕೆ ಬಡಿಯುತ್ತ ವೃತ್ತ ಹೊಡೆಯುತ್ತಿತ್ತು. ಅವಳು ನೋಡುತ್ತ ನಿಂತಳು. ಅಣ್ಣನ ತೋಳಿನಲ್ಲಿ ಹರಿಯುವುದೇ ತನ್ನ ತೋಳಿನಲ್ಲೂ ಹರಿಯುತ್ತಿದೆ, ಇಷ್ಟು ದಿನ ಅದು ನಿದ್ದೆಯಲ್ಲಿತ್ತು ಅಷ್ಟೆ ಅನ್ನಿಸಿ ಬಕೆಟ್ಟಿನ ಹಿಡಿ ಕೈಗೆ ಅಂಟಿದ ಹಾಗಾಯಿತು. ಬಾತು ತಾನಾಗಿ ಎದ್ದು ಕುಂಟುತ್ತ ಹೋಯಿತು.

ಒಳಗೆ ಬರುವಾಗ ಮೇಷ್ಟ್ರು ಬಂದಿದ್ದರು. ಬೂಟು ಹಾಕಿಕೊಂಡು, ಕೈ ತೊಳೆದುಕೊಂಡು, ಹುರಿದ ಕಡಲೆಕಾಯಿಯ ಪೊಟ್ಟಣ ಮೆಂಗ್ ಅತ್ತೆಯ ಮಡಿಲಿಗೆ ಹಾಕಿ, ‘ನಿಮ್ಮ ಹಲ್ಲಿಗೆ ಆಗಲ್ಲ, ಬೇರೆಯವ್ರಿಗೆ ಕೊಡಿ’ ಅಂತ ತಮಾಷೆ ಮಾಡುತ್ತಿದ್ದರು. ಅಣ್ಣ ಹಿಂದೆ ಕೈ ಕಟ್ಟಿ ನಿಂತಿದ್ದ. ಇಬ್ಬರೂ ಕಾಲುದಾರಿಯಲ್ಲಿ ಗೂಡಿನ ಕಡೆ ಹೋದರು. ಶಿಯಾವ್‌ಮಾನ್ ಮಣೆಯ ಮೇಲೆ ಕೂತು ಚೂರಿ ಎತ್ತಿಕೊಂಡಳು. ಹಣ್ಣನ್ನು ಉದ್ದಕ್ಕೆ ಕೊಯ್ದಳು. ಪ್ಲಾಸ್ಟಿಕ್ ಎತ್ತಿದ ಸರಪರ ಸದ್ದು. ಒಳಗೆ ಕೊಳವೆಗಳು ಉಸ್ಸೆಂದು ಮಂಜು ಉಗುಳಿ ನಿಂತವು.

‘ಬಾವ್‌ಚೆಂಗ್.’ ಮೇಷ್ಟ್ರ ದನಿ ಜೋರಾಗಿರಲಿಲ್ಲ, ಕಾಯಿಲೆಯವರ ಹಾಗಿತ್ತು. ‘ಹಸಿರು ಎಲ್ಲಿ?’

‘ತೆಗ್ದಾಗಿದೆ ಮೇಷ್ಟ್ರೇ. ಟ್ರೇನಲ್ಲಿ ಇರ್ಬೇಕು. ಏ ರುಯಿಫೆನ್, ಟ್ರೇ ಎಲ್ಲಿಟ್ಟಿದೀಯ?’

‘ಯಾವ ಟ್ರೇ?’ ರುಯಿಫೆನ್ ಕೈ ಒರೆಸಿಕೊಳ್ಳುತ್ತ ಎದ್ದು ಹೋದಳು. ‘ಬಿಸಾಕೋದಕ್ಕೂ ಟ್ರೇ ಬೇಕಾ?’

ಮೇಷ್ಟ್ರು ಮಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ಖಾಲಿ ಜಾಗಗಳ ಮೇಲೆ ಬೆರಳು ಇಟ್ಟು ಇಟ್ಟು ನೋಡಿದರು, ಹಲ್ಲು ಬಿದ್ದ ವಸಡನ್ನು ನಾಲಗೆ ಮುಟ್ಟುವ ಹಾಗೆ. ‘ನೇರಳೇವು ಉಳಿದಿವೆ’ ಅಂತ ತಮ್ಮಷ್ಟಕ್ಕೆ ಅಂದರು. ‘ಇವುಗಳೊಳಗೆ ಹಸಿರು ಅಡಗಿದೆ. ಮತ್ತೆ ಹೊರಗೆ ತರಬಹುದು. ಇನ್ನೆರಡು ವರ್ಷ.’ ಆಮೇಲೆ ತಲೆ ಎತ್ತದೆ, ‘ಬಿಸಾಕು ಅಂತ ಯಾರು ಹೇಳಿದ್ದು?’ ಅಂದರು.

ಪೆಟ್ಟು ಬಿದ್ದದ್ದು ಶಿಯಾವ್‌ಮಾನ್‌ಳಿಗೆ ಕಾಣಿಸಲಿಲ್ಲ, ಕೇಳಿಸಿತು. ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಸದ್ದು. ಓಡಿ ಹೋಗುವಷ್ಟರಲ್ಲಿ ರುಯಿಫೆನ್ ಹಸಿರುಮನೆಯ ಹಿಂಬದಿಯ ಮಣ್ಣಿನ ಗೋಡೆಗೆ ಒರಗಿದ್ದಳು, ಅಣ್ಣನ ಕೈ ಮತ್ತೆ ಎದ್ದಿತ್ತು. ಅಂಗೈಯಲ್ಲ, ಮುಷ್ಟಿ. ಮೂಗಿನ ಮೇಲೆ. ರಕ್ತ ತುಟಿ ದಾಟಿ ಗಲ್ಲಕ್ಕೆ ಬಂತು. ಬಣ್ಣ ಗುರುತಿನದೇ, ಆ ತಳಿಯ ಹಣ್ಣಿನ ಕೆಂಪು. ಅಣ್ಣ ಹೊಡೆಯುವಾಗ ಹೆಂಡತಿಯನ್ನು ನೋಡುತ್ತಿರಲಿಲ್ಲ, ಮೇಷ್ಟ್ರನ್ನು ನೋಡುತ್ತಿದ್ದ, ಪಾಠ ಒಪ್ಪಿಸುವ ಹುಡುಗನ ಹಾಗೆ. ‘ತಲೇಲಿ ಏನು ತುಂಬ್ಕೊಂಡಿದೀಯ? ಗೊಬ್ಬರಾನಾ? ಮೇಷ್ಟ್ರ ಐದು ವರ್ಷ ಕಣೇ. ತೆಗಿ ಅಂದ್ರೆ ಬಿಸಾಕು ಅಂತಾನಾ?’

‘ನಂಗೆ ಹೇಳಿದ್ದೇ ಹಾಗೆ’ ಅಂದಳು ರುಯಿಫೆನ್.

‘ಯಾರು?’

ರಕ್ತದ ಮೇಲಿನಿಂದ ರುಯಿಫೆನ್‌ಳ ಕಣ್ಣುಗಳು ಶಿಯಾವ್‌ಮಾನ್‌ಳ ಮೇಲೆ ಬಂದವು. ದೂರುವ ಕಣ್ಣಲ್ಲ, ಈಗಷ್ಟೇ ಅರ್ಥವಾದ ಕಣ್ಣು. ಬಕೆಟ್ ತುಂಬಿದೆ ಅಂದದ್ದು, ಬೆಳಿಗ್ಗೆ ಮಾಂತೋ ಅರ್ಧಕ್ಕೆ ಬಿಟ್ಟದ್ದು ಎಲ್ಲವೂ ಆ ಕಣ್ಣಿನಲ್ಲಿ ಸಾಲಾಗಿ ಕೂಡಿಕೊಳ್ಳುವುದು ಕಾಣಿಸಿತು. ಆಮೇಲೆ ಅವು ಬೇರೆ ಕಡೆ ಹೋದವು. ಅದೇ ತಡೆಯಲಾಗಲಿಲ್ಲ.

‘ನಾನು ಹೇಳಿದ್ದು’ ಅಂದಳು ಶಿಯಾವ್‌ಮಾನ್.

ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಅಂದಳು. ‘ಅಣ್ಣಾ, ನಾನು ಹೇಳಿದ್ದು. ಮೇಷ್ಟ್ರು ತೆಗೀರಿ ಅಂದ್ರು, ನಾನು ಬಿಸಾಕು ಅಂದೆ.’

ಅಣ್ಣ ತಿರುಗಿದ. ಅವನ ಮುಖದಲ್ಲಿ ಮೊದಲು ಬಂದದ್ದು ಗೊಂದಲ, ಆಮೇಲೆ ಒಂದು ಥರದ ನೋವು, ಆ ನೋವಿಗೆ ದಾರಿ ಸಿಕ್ಕ ತಕ್ಷಣ ಅದು ಹೆಂಡತಿಯ ಕಡೆ ಹರಿಯಿತು. ‘ನನ್ನ ತಂಗಿ ಬಾಯಲ್ಲಿ ಸುಳ್ಳು ಹೇಳಿಸ್ತೀಯಾ? ಬಾಯಿಲ್ಲದ ಹುಡ್ಗಿ ಅಂತ ಅವಳ ತಲೆಗೆ ಕಟ್ತೀಯಾ?’ ಎಂದು ಕೂದಲಿಗೆ ಕೈ ಹಾಕಿದ. ಹಿಂದೆ ಕಟ್ಟಿದ್ದ ಗಂಟು ಬಿಚ್ಚಿ ಅವನ ಮುಷ್ಟಿಗೆ ಸುತ್ತಿಕೊಂಡಿತು. ತಲೆ ಗೋಡೆಗೆ ಬಡಿಯಿತು, ಮಣ್ಣು ಉದುರಿತು. ಶಿಯಾವ್‌ಮಾನ್ ಹೇಳಿದ್ದು ಸತ್ಯ. ಅದು ಹೊರಗೆ ಬಂದು ಇನ್ನೊಂದು ಪೆಟ್ಟಾಗಿ ಬಿತ್ತು. ಅವಳು ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರಿಗೆ ಗೊತ್ತು. ಒಂಟಿಕಾಲಲ್ಲಿ ನಿಂತು ತಾವು ಆಡಿದ ಮಾತು ಅವರಿಗೆ ನೆನಪಿದೆ, ಅದರ ಎರಡು ಅಲಗೂ ನೆನಪಿವೆ. ಕಿವಿಯ ತುದಿ ಕೆಂಪಾಗಿತ್ತು. ಅವರು ಕಂಬಕ್ಕೆ ತೂಗುಹಾಕಿದ್ದ ಉಷ್ಣಮಾಪಕವನ್ನು ನೋಡುತ್ತಿದ್ದರು. ಹೇಳಿ ಮೇಷ್ಟ್ರೇ, ಅಂದುಕೊಂಡಳು. ನಾಲ್ಕು ಪದ ಸಾಕು.

‘ಸಾಕು ಬಾವ್‌ಚೆಂಗ್’ ಅಂದರು ಮೇಷ್ಟ್ರು ಕೊನೆಗೆ. ‘ಇಲ್ಲಿ ಬೇಡ.’

ಅಣ್ಣ ತಕ್ಷಣ ಕೈ ಬಿಟ್ಟ. ಮೆಂಗ್ ಅತ್ತೆ, ‘ಬಾರೇ, ಮುಖ ತೊಳ್ಕೊ ಬಾ’ ಅಂತ ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತಳು, ಯಾಕೆಂದರೆ ರುಯಿಫೆನ್ ನಗುತ್ತಿದ್ದಳು. ಮೂಗಿನಲ್ಲಿ ರಕ್ತವಿದ್ದದ್ದರಿಂದ ನಗು ಗುಳುಗುಳು ಅನ್ನುತ್ತಿತ್ತು. ‘ಇಲ್ಲಿ ಬೇಡ್ವಾ ಮೇಷ್ಟ್ರೇ? ಮತ್ತೆ ಎಲ್ಲಿ? ಜಾಗ ತೋರಿಸಿ, ನಾನೇ ಹೋಗಿ ನಿಂತ್ಕೋತೀನಿ.’ ಗೋಡೆ ಹಿಡಿದುಕೊಂಡು ಎದ್ದಳು. ಕೂದಲು ಮುಖದ ಮೇಲೆ ಇಳಿಬಿದ್ದಿತ್ತು. ಗೂಡಿನ ಪ್ಲಾಸ್ಟಿಕ್ಕನ್ನು ಎರಡು ಕೈಯಲ್ಲಿ ಹಿಡಿದು ಎಳೆದಳು, ಅದು ಬೆತ್ತದ ಕಮಾನುಗಳ ಸಮೇತ ಕಿತ್ತುಬಂತು. ಮಡಿಯೊಳಗೆ ಮಂಡಿಯೂರಿದಳು. ‘ಹಸಿರು ತೆಗ್ದೆ. ಬಡಿಸಿಕೊಂಡೆ. ಇನ್ನು ನೇರಳೇದು. ಇವುಕ್ಕೂ ಕುತ್ತಿಗೆ ಇದೆಯಲ್ಲ.’ ಹಿಡಿ ಹಿಡಿಯಾಗಿ ಕೀಳತೊಡಗಿದಳು. ಈ ಸಲ ಸಸಿಗಳಿಗೆ ಏನೂ ಹೇಳಲಿಲ್ಲ.

ಆಮೇಲೆ ನಡೆದದ್ದರಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅಂತ ಶಿಯಾವ್‌ಮಾನ್‌ಳಿಗೆ ಹೇಳಲು ಬರುವುದಿಲ್ಲ. ಮೇಷ್ಟ್ರ ಬಾಯಿಂದ ಒಂದು ಸದ್ದು ಬಂತು, ಮನುಷ್ಯರದಲ್ಲದ ಸದ್ದು. ಅವರ ಕೈಯಲ್ಲಿ ಪ್ಲಾಸ್ಟಿಕ್ ಟ್ರೇ ಇತ್ತು. ಅದರ ಅಂಚು ರುಯಿಫೆನ್‌ಳ ಕಿವಿಯ ಮೇಲೆ ಬಿತ್ತು, ಮತ್ತೆ ಬಿತ್ತು, ಟ್ರೇ ಸೀಳಿತು, ಸೀಳಿದ ಅಂಚಿನಿಂದ ಮತ್ತೆ. ಯಾರ ಮೇಲೂ ದನಿ ಎತ್ತದ ಮೇಷ್ಟ್ರು, ಇರುವೆ ಸಾಲನ್ನು ದಾಟಿಕೊಂಡು ಹೋಗುವ ಮೇಷ್ಟ್ರು. ರುಯಿಫೆನ್ ಕೀಳುವುದನ್ನು ನಿಲ್ಲಿಸಲಿಲ್ಲ. ‘ಹಿಡ್ಕೊ ಅವಳನ್ನ, ಹಿಡ್ಕೊ’ ಅಂದರು ಮೇಷ್ಟ್ರು. ಅಣ್ಣ ಹಿಡಿದುಕೊಂಡ. ಹಿಂದಿನಿಂದ ಅವಳ ಬಲತೋಳನ್ನು ಬೆನ್ನಿಗೆ ತಿರುಚಿದ. ಅವಳು ಎಡಗೈಯಲ್ಲಿ ಇನ್ನೊಂದು ಹಿಡಿಗೆ ಚಾಚಿದಳು. ಅವನು ಇನ್ನಷ್ಟು ತಿರುಚಿದ. ಭುಜದಲ್ಲಿ ಏನೋ ಲಟ್ಟೆಂದಿತು. ಹಸಿ ಕೊಂಬೆ ಮುರಿದರೆ ಅಷ್ಟು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಅಣ್ಣ ಕೈ ಬಿಟ್ಟು ತನ್ನ ಕೈಗಳನ್ನೇ ನೋಡಿಕೊಂಡ. ‘ನಾನು ಹಿಡ್ಕೊಂಡಿದ್ದಷ್ಟೆ’ ಅಂದ, ಯಾರಿಗೆ ಅಂತಿಲ್ಲದೆ.

ಮೇಷ್ಟ್ರು ಆಗಲೇ ಮಂಡಿಯೂರಿ ಚೆಲ್ಲಾಪಿಲ್ಲಿಯಾದ ನೇರಳೆ ಸಸಿಗಳನ್ನು ಅಂಗೈಯಲ್ಲಿ ಕೂಡಿಸಿಕೊಳ್ಳುತ್ತಿದ್ದರು. ‘ಬೇರಿವೆ, ಬೇರಿವೆ ಇನ್ನೂ’ ಅನ್ನುತ್ತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ‘ಕುಂಡ ತನ್ನಿ. ಬಾಡೋದ್ರೊಳಗೆ ಮಣ್ಣಿಗೆ ಹೋಗ್ಬೇಕು. ಎಲ್ಲರೂ ಬನ್ನಿ. ಮೆಂಗ್ ಅತ್ತೆ, ನೀರು. ಬೇಗ.’ ಆ ದನಿಯಲ್ಲಿ ಕೆಲಸವಿತ್ತು, ಕೆಲಸದಲ್ಲಿ ಒಂದು ಆಸರೆ ಇತ್ತು, ಎಲ್ಲರೂ ಅದಕ್ಕೆ ಓಡಿದರು. ಅಣ್ಣ ಎರಡು ತೋಳಿನಲ್ಲಿ ಕುಂಡಗಳನ್ನು ತಬ್ಬಿಕೊಂಡು ಬಂದ. ಮೆಂಗ್ ಅತ್ತೆ ಬಕೆಟ್ಟು ತಂದಳು. ಶಿಯಾವ್‌ಮಾನ್ ತನ್ನ ಮಂಡಿ ಬಗ್ಗಿದ್ದನ್ನು, ಬೆರಳು ಮುಂದೆ ಹೋದದ್ದನ್ನು ನೋಡಿದಳು. ಮೇಷ್ಟ್ರು ಒಂದು ಸಸಿ ಅವಳ ಅಂಗೈಗೆ ಹಾಕಿದರು. ಎಲೆಗಳು ಆಗಲೇ ಜೋಲುತ್ತಿದ್ದವು. ಗುಳಿಗೆ ಬೇರು ಇಳಿಸಿ, ಸುತ್ತ ಮಣ್ಣು ಒತ್ತಿ, ಕುತ್ತಿಗೆ ನೆಟ್ಟಗೆ ನಿಲ್ಲಿಸಿದಳು. ಇನ್ನೊಂದು. ಇನ್ನೊಂದು. ಅವಳ ಕೈ ಇಷ್ಟು ಸರಾಗವಾಗಿ ಎಂದೂ ನಡೆದಿರಲಿಲ್ಲ. ‘ಒಳ್ಳೇ ಕೈ’ ಅಂದರು ಮೇಷ್ಟ್ರು ಪಕ್ಕದಿಂದ, ಉಸಿರು ಬಿಡುತ್ತ. ‘ಹಾಗೇ ಮಾಡು ಮಗು.’ ಆ ಮಾತಿಗೆ ಅವಳ ಎದೆಯಲ್ಲಿ ಬೆಚ್ಚಗಾಯಿತು. ಬೆಚ್ಚಗಾದದ್ದು ತಿಳಿದು ತನ್ನ ಮೇಲೇ ಹೇಸಿಗೆಯಾಯಿತು. ಕೈ ನಿಲ್ಲಲಿಲ್ಲ. ನಾಲ್ವರೂ ಹೆಗಲಿಗೆ ಹೆಗಲು ತಾಗಿಸಿ ಬಗ್ಗಿದ್ದರು, ಹಬ್ಬಕ್ಕೆ ಕಡುಬು ಮಡಿಸಲು ಕೂತ ಮನೆಯವರ ಹಾಗೆ.

ಹಿಂದೆ ಗೋಡೆಯ ಬುಡದಲ್ಲಿ ರುಯಿಫೆನ್ ಕೂತಿದ್ದಳು. ಕಾಲು ಚಾಚಿಕೊಂಡಿದ್ದಳು. ಬಲತೋಳು ಅವಳದಲ್ಲದ ಹಾಗೆ ಪಕ್ಕದಲ್ಲಿ ಬಿದ್ದಿತ್ತು. ಕಿವಿಯಿಂದ ಇಳಿದದ್ದಕ್ಕೆ ಕೂದಲು ಕೆನ್ನೆಗೆ, ಕಣ್ಣಿಗೆ, ಬಾಯಿಗೆ ಅಂಟಿಕೊಂಡಿತ್ತು. ಅವಳು ಉಫ್ ಉಫ್ ಅಂತ ಊದಿ ಬಾಯಿಂದ ಸರಿಸಲು ನೋಡುತ್ತಿದ್ದಳು. ಅದು ಶಿಯಾವ್‌ಮಾನ್‌ಳಿಗೆ ಬೆನ್ನಿನಿಂದಲೇ ಕಾಣಿಸುತ್ತಿತ್ತು.

‘ಶಿಯಾವ್‌ಮಾನ್’ ಅಂದಳು ರುಯಿಫೆನ್. ಸಿಟ್ಟಿನ ದನಿಯಲ್ಲ. ಬೆಳಿಗ್ಗೆ ಅಡಿಗೆಮನೆಯಿಂದ ಕೂಗಿ ಉಪ್ಪು ಕೇಳುವ ದನಿ. ‘ನನ್ನ ಕೂದ್ಲು ಸ್ವಲ್ಪ ಹಿಂದಕ್ಕೆ ಕಟ್ತೀಯಾ? ಕೈ ಏಳ್ತಿಲ್ಲ.’

ಅವಳು ಮುಂದಿನ ಕುಂಡವನ್ನು ಹತ್ತಿರಕ್ಕೆ ಎಳೆದುಕೊಂಡಳು.

‘ಯಾರಾದ್ರೂ ಸರಿ’ ಅಂದಳು ರುಯಿಫೆನ್. ‘ಕೂದ್ಲು ಕಟ್ಟಿ.’